ಕೊನೆಗೆ ಬರುವ ತುಂಡು

ಎದುರು ಗೋಡೆಯ ಗಡಿಯಾರದ ದೊಡ್ಡ ಮುಳ್ಳು ಒಮ್ಮೆ ನಡುಗಿ ಮುಂದಕ್ಕೆ ಹಾರಿತು, ಟಕ್, ಆ ಸದ್ದಿಗೆ ಪಾಠ ಒಪ್ಪಿಸುತ್ತಿದ್ದ ಅವಳ ತುಟಿ ನಿಂತಿತು — ಟಕ್ ಅಂದಿತ್ತಾ, ಬೆಳಿಗ್ಗೆ, ಏಳನೇ ಕೋಣೆಯಲ್ಲಿ, ಅಜ್ಜಿಯ ಮಂಚದ ಪಕ್ಕದ ಕಂಬಿ ಎತ್ತಿದಾಗ ಕೊಂಡಿ ಕೂತ ಸದ್ದು ಬಂದಿತ್ತಾ, ಬಂದೇ ಇರುತ್ತೆ, ಎರಡು ವರ್ಷದಿಂದ ದಿನಾ ಎತ್ತುವ ಕಂಬಿ, ಈಗ ಅದಲ್ಲ, ಈಗ ಕ್ರಿಯಾಪದ, ಇನ್ನು ಹತ್ತು ನಿಮಿಷಕ್ಕೆ ಒಳಗೆ ಕರೆಯುತ್ತಾರೆ, ಡಚ್ ಮೌಖಿಕ ಪರೀಕ್ಷೆ, ಮೂರನೇ ಸಲ, ಇದೇ ಕೊನೆ, ಪಾಸಾದರೆ ವೃದ್ಧರ ಆರೈಕೆ ಮನೆಯ ಕೆಲಸ ಖಾಯಂ, ಇಲ್ಲವಾದರೆ ತಿಂಗಳ ಕೊನೆಗೆ ಸಮವಸ್ತ್ರ ಮಡಚಿ ಕೊಟ್ಟು ಹೊರಡುವುದು. ನಿನ್ನ ಕೈ ಚಿನ್ನ ಕಣೇ, ನಾಲಿಗೆಯದೇ ತಾಪತ್ರಯ, ಅಂದಿದ್ದಳು ಮೇಲ್ವಿಚಾರಕಿ. ನಾಲಿಗೆಯದಲ್ಲ ತಾಯಿ, ಆ ಮುರಿಯುವ ಕ್ರಿಯಾಪದಗಳದು, ನಿಘಂಟಿನಲ್ಲಿ ಸಾಧುವಾಗಿ ಒಂದೇ ಪದ, ವಾಕ್ಯಕ್ಕೆ ಕಾಲಿಟ್ಟ ಕೂಡಲೇ ಎರಡು ಹೋಳು, ದೊಡ್ಡ ಹೋಳು ಮುಂದೆ ಹೋಗಿ ಜಾಗ ಹಿಡಿಯುತ್ತದೆ, ಚಿಕ್ಕ ತುಂಡು ಎಲ್ಲರೂ ಕೂತ ಮೇಲೆ ಕೊನೆಗೆ ಬರುತ್ತದೆ, ನಲ್ಲಿ ಡಿಖ್ತ್ ಅಂದರೆ ಮುಚ್ಚಿತು, ಕಂಬಿ ಒಪ್ ಅಂದರೆ ಮೇಲೆದ್ದಿತು, ಅದನ್ನು ಬಿಟ್ಟರೆ ಹೇಳಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ, ಹಿಂದಿನ ಎರಡು ಸಲವೂ ಅವಳು ಬಿಟ್ಟಿದ್ದು ಅದನ್ನೇ. ಮಗಳಿಗೋ ನಗು, ಅಮ್ಮಾ, ನಿನ್ನ ರೈಲು ಬಂತು, ಕೊನೇ ಡಬ್ಬಿ ಎಲ್ಲಿ ಬಿಟ್ಟು ಬಂದೆ? ನಗು, ನಗು, ಒಂಬತ್ತು ವರ್ಷದ ನಾಲಿಗೆಗೆ ಮೂಳೆಯಿಲ್ಲ, ನಲವತ್ತೆರಡರದಕ್ಕೆ ಎಲುಬೇ ಎಲ್ಲ.

ಅದಕ್ಕೇ ಅಪ್ಪನ ಉಪಾಯ ಹಿಡಿದಿದ್ದು, ಅಪ್ಪ ಅವಳಿಗೆ ಪದ್ಯ ಬಾಯಿಪಾಠ ಮಾಡಿಸಿದ್ದು ಹಾಗೆಯೇ, ಒಂದು ಬಟ್ಟೆ ಮಡಚು ಒಂದು ಸಾಲು ಹೇಳು, ಕೈಗೆ ಕಲಿಸು ಮಗಳೇ, ಬಾಯಿ ತಾನಾಗಿ ಹಿಂದೆ ಬರುತ್ತೆ, ಮತ್ತೆ ಕೊನೆಯ ಪದ ಬೀಳುವ ತನಕ ಏಳಬಾರದು, ಎದ್ದರೆ ಪದ್ಯಕ್ಕೆ ಅವಮಾನ — ಅಪ್ಪನ ದನಿ ಸಾಲಿನ ತುದಿಯಲ್ಲಿ ಒಂದು ಗಳಿಗೆ ತೂಗಿ ಇಳಿಯುತ್ತಿತ್ತು, ಅಲ್ಲಿಯವರೆಗೆ ಅವಳು ಉಸಿರು ಬಿಡುತ್ತಿರಲಿಲ್ಲ. ಹಾಗೇ ಆರು ತಿಂಗಳು, ಪರದೆ ಸರಿಸುತ್ತ ಸರಿಸುವ ವಾಕ್ಯ, ನಲ್ಲಿ ತಿರುಗಿಸುತ್ತ ಮುಚ್ಚುವ ವಾಕ್ಯ, ಏಳನೇ ಕೋಣೆಯ ಅಜ್ಜಿ, ನಿವೃತ್ತ ಮೇಷ್ಟರಮ್ಮ, ಮಲಗಿದಲ್ಲಿಂದಲೇ ತಿದ್ದುತ್ತಾಳೆ, ಬಾಲ ಎಲ್ಲಿ, ಬಾಲ? ಇವತ್ತು ತಿಂಡಿ ತಿನ್ನಿಸಿ, ಬಾಯಿ ಒರೆಸಿ, ಹೊದಿಕೆ ಎಳೆದು, ಕಂಬಿಗೆ ಕೈಯಿಟ್ಟು ಅವಳು ಹೇಳಿದಳು, ಇಕ್ ಕ್ಲಾಪ್ ಹೆಟ್ ಹೆಕ್ ಒಪ್, ಕಂಬಿ ಎತ್ತುತ್ತೇನೆ, ಒಪ್ ಎಷ್ಟು ಚಂದ ಬಂತು, ಅಪ್ಪನ ಹಾಗೆ ತೂಗಿ ಇಳಿದು ಬಂತು, ಅಜ್ಜಿ ಚಪ್ಪಾಳೆ ತಟ್ಟಿ, ಭಲೇ, ಓಡು ಈಗ, ಬಸ್ಸು ತಪ್ಪುತ್ತೆ! ಓಡಿದಳು. ಒಪ್ ಅಂದದ್ದು ನೆನಪಿದೆ, ಚಪ್ಪಾಳೆ ನೆನಪಿದೆ, ಟಕ್ ನೆನಪಿಲ್ಲ. ಬಾಯಿ ಎತ್ತಿತು, ಕೈ ಎತ್ತಿತಾ? ಬಾಯುಪಚಾರ ಅಂದರೆ ಇದೇ ಅಲ್ಲವಾ, ದೇವರೇ — ಅಂಗೈ ನೋಡಿಕೊಂಡಳು, ಕಂಬಿಯ ತಂಪು ಅಲ್ಲಿತ್ತು, ಭಾರ ಇರಲಿಲ್ಲ. ಅಜ್ಜಿ ನಿದ್ದೆಯಲ್ಲಿ ಎಡಕ್ಕೇ ಹೊರಳುವುದು, ಹೋದ ವರ್ಷ ಯಾರೋ ಕಂಬಿ ಮರೆತ ರಾತ್ರಿ ಹಾಗೇ ಬಿದ್ದು ಸೊಂಟದ ಮೂಳೆಗೆ ಮೂರು ತಿರುಪು, ಇನ್ನೊಮ್ಮೆ ಬಿದ್ದರೆ ಮತ್ತೆ ಏಳುವುದಿಲ್ಲ ಅಂದಿದ್ದರು ಡಾಕ್ಟರು, ತಿಂಡಿಯಾದ ಮೇಲೆ ಹತ್ತರವರೆಗೆ ಆ ಬಾಗಿಲು ಯಾರೂ ತೆರೆಯುವುದಿಲ್ಲ, ಈಗ ಒಂಬತ್ತೂಕಾಲು, ಟಕ್, ಒಂಬತ್ತು ಹದಿನಾರು. ಆರೈಕೆ ಮನೆಯ ನಂಬರು ಬಾಯಿಗಿಲ್ಲ, ಇಷ್ಟೆಲ್ಲ ಬಾಯಿಪಾಠ ಮಾಡಿದವಳಿಗೆ ಬೇಕಾದ್ದೊಂದು ಬಾಯಿಗಿಲ್ಲ, ಅದಿರುವುದು ಫೋನಿನಲ್ಲಿ, ಫೋನಿರುವುದು ಪರೀಕ್ಷಾ ಕೇಂದ್ರದ ಗುಮಾಸ್ತೆಯ ಬೀಗದ ಪೆಟ್ಟಿಗೆಯಲ್ಲಿ, ತೆಗೆದುಕೊಂಡರೆ ಸರದಿ ಹೋಯಿತು, ಮತ್ತೆ ಕೇಳುವ ಹಾಗಿಲ್ಲ, ತಿಳೀತಲ್ಲ, ಅಂದಿದ್ದಳು. ತಿಳಿಯಿತು ತಾಯಿ. ಎತ್ತಿಯೇ ಇರುತ್ತೇನೆ. ಎತ್ತಿಯೇ ಇದ್ದು ಫೋನು ಮಾಡಿದರೆ ಸುಮ್ಮನೆ ಕೆಲಸ ಕಳಕೊಂಡ ಹುಚ್ಚಿ. ಎತ್ತದೆ ಇದ್ದರೆ —

ಬಾಗಿಲು ತೆರೆಯಿತು, ಕನ್ನಡಕದ ಪರೀಕ್ಷಕ ನಗುತ್ತ, ಬನ್ನಿ ಒಳಗೆ, ಅವಳು ಎದ್ದಳು, ಒಂದು ಹೆಜ್ಜೆ ಅವನ ಕಡೆ, ಆಮೇಲೆ ಕಾಲು ತಾನಾಗಿ ಗುಮಾಸ್ತೆಯ ಮೇಜಿಗೆ, ಫೋನು ಕೊಡಿ, ಈಗಲೇ, ನಿಮ್ಮ ಸರದಿ ಹೋಗುತ್ತೆ ಕಣಮ್ಮಾ, ಹೋಗಲಿ. ಆ ತುದಿಯಲ್ಲಿ ಜೊತೆ ಕೆಲಸದವಳು, ಗಟ್ಟಿ ಗಂಟಲಿನವಳು, ಎಲ್ಲರೂ ಗಂಟೆ ಅಂತ ಕರೆಯುವವಳು, ಏನೇ, ಇಷ್ಟು ಬೇಗ ಫೇಲಾದೆಯಾ? ಏಳನೇ ಕೋಣೆ, ಓಡು, ಕಂಬಿ ನೋಡು, ಕೆಳಗಿದ್ದರೆ ಎತ್ತು, ಫೋನು ಇಡಬೇಡ — ಎಲ್ಲ ಡಚ್ಚಿನಲ್ಲಿ, ಒಂದು ತುಂಡೂ ಬಿಡದೆ, ಯೋಚಿಸದೆ, ಗುಮಾಸ್ತೆ ತಲೆಯೆತ್ತಿ ನೋಡಿದಳು. ಫೋನಿನಲ್ಲಿ ಹೆಜ್ಜೆ, ಹೆಜ್ಜೆ, ಉದ್ದನೆಯ ಮೊಗಸಾಲೆ, ಮೇಲಿದ್ದರೆ ಸದ್ದಿರದು, ಕೆಳಗಿದ್ದರೆ ಒಂದು ಸದ್ದು, ಒಂದೇ ಒಂದು, ಹಿಂದೆ ಪರೀಕ್ಷಕನ ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು, ಅವಳು ಉಸಿರು ಬಿಡಲಿಲ್ಲ, ಸಾಲು ಇನ್ನೂ ಇಳಿದಿಲ್ಲ, ಆ ತುದಿಯಲ್ಲಿ ಬಾಗಿಲ ಕಿರ್ರ್, ಅಯ್ಯಯ್ಯೋ, ಅಜ್ಜೀ, ಅಂಚಿಗೇ ಬಂದಿದ್ದೀರಲ್ಲ, ತಡೀರಿ, ಈ ಕಡೆ, ಹಾಂ, ಮಲಕ್ಕೊಳ್ಳಿ ಮಲಕ್ಕೊಳ್ಳಿ — ಆಮೇಲೆ ಕಬ್ಬಿಣ ಜಾರುವ ಸದ್ದು, ತಣ್ಣಗೆ, ಮೇಲಕ್ಕೆ, ಮೇಲಕ್ಕೆ, ಕಂಬಿ, ಕೊಂಡಿ,

ಟಕ್.