ಹತ್ತನೆಯ ಜಾಗ

ಜಾರ್ಜಿಯಾಕ್ಕೆ ಮೊದಲ ಸಲ ಹೋಗುವವರು ನೋಡಲೇಬೇಕಾದ ಹತ್ತು ಜಾಗಗಳ ಪಟ್ಟಿ ಬರೆದವಳು ವಿಜಯನಗರದ ಟ್ರಾವೆಲ್ಸ್ ಆಫೀಸಿನ ಧನ್ಯಶ್ರೀ. ಅವಳು ಕಂಡ ಅತಿ ದೂರದ ಊರು ತಿರುಪತಿ. ಒಂಬತ್ತು ಜಾಗ ಹೇಗೋ ಸಿಕ್ಕವು. ಹತ್ತನೆಯದಕ್ಕೆ ತಲೆ ಓಡದೆ, ತಾನು ಬೆಟ್ಟದ ದೇವಸ್ಥಾನದಲ್ಲಿ ಮಾಡಿದ್ದನ್ನೇ ಎತ್ತಿ ಜಾರ್ಜಿಯಾದ ಕೆರೆಯೊಂದರ ದಂಡೆಗೆ ಹಾಕಿದ್ದಳು: 'ಸ್ವಂತ ಮನೆ ಬೇಕೆನ್ನುವವರು ಇಲ್ಲಿ ಕಲ್ಲಿನ ಮೇಲೆ ಕಲ್ಲು ಜೋಡಿಸುತ್ತಾರೆ.' ಬಾಸಿಗೆ ಬೇಕಿದ್ದದ್ದು ಹತ್ತು. ನಿಜವೋ ಸುಳ್ಳೋ ಯಾರು ಕೇಳುತ್ತಾರೆ.

ಆ ಪಟ್ಟಿ ಹಿಡಿದು ಪ್ರವಾಸ ಮುಗಿಸಿ ಬಂದ ಗಿರಾಕಿ ಕಲಾ ಆಂಟಿ ಕೌಂಟರಿನ ಮೇಲೆ ಫೋನ್ ಇಟ್ಟರು. ಬೈಸಿಕೊಳ್ಳಲು ಸಿದ್ಧಳಾಗಿಯೇ ಬಗ್ಗಿ ನೋಡಿದ ಧನ್ಯಶ್ರೀ ದಂಗಾದಳು. ದಂಡೆಯ ಉದ್ದಕ್ಕೂ ನೂರಾರು ಕಲ್ಲಿನ ಗುಪ್ಪೆಗಳು.

"ಬಹಳಷ್ಟು ನಮ್ಮೋರೇ ಜೋಡಿಸಿರೋದು. ಆದ್ರೆ ಈ ಅಜ್ಜಿ ಆ ಊರೋರೇ ಕಣೇ," ಎಂದು ಆಂಟಿ ಫೋಟೋ ದೊಡ್ಡದು ಮಾಡಿದರು. ಕಪ್ಪು ಉಡುಪಿನ ಮುದುಕಿಯೊಬ್ಬಳು ಕಣ್ಣು ಮುಚ್ಚಿ ಮೂರನೆಯ ಕಲ್ಲು ಇಡುತ್ತಿದ್ದಳು. "ಯುದ್ಧದಲ್ಲಿ ಮನೆ ಹೋಯ್ತಂತೆ. ನಮ್ಮೋರನ್ನ ನೋಡಿ ಈಗ ದಿನಾ ಬರ್ತಾರಂತೆ. ನಿಜವಾಗ್ಲೂ ಮನೆ ಆಗುತ್ತಾ ಅಂತ ಕೇಳಿದ್ರು. ಬರೆದೋಳು ನೀನಲ್ವಾ, ಅಜ್ಜಿಗೆ ಹೇಳೋಕೆ ಅಲ್ಲಿನ ಗೈಡ್‌ಗೆ ಏನಂತ ಮೆಸೇಜ್ ಹಾಕ್ಲಿ?"

ಧನ್ಯಶ್ರೀ ಬೆಟ್ಟದಲ್ಲಿ ಕಲ್ಲು ಜೋಡಿಸಿ ಹನ್ನೊಂದು ವರ್ಷವಾಗಿತ್ತು. ಇನ್ನೂ ಗೋವಿಂದರಾಜನಗರದ ಬಾಡಿಗೆ ಮನೆಯಲ್ಲೇ ಇದ್ದಳು.