ಬೀಗ ಬಸ್ಸಿನಲ್ಲಿ ಬರಲಿ, ಕೀ ಮನೆಯಲ್ಲೇ ಇರಲಿ

ದರ್ಜಿ ಅಕ್ಕನ ಕೈಚಳಕ ಊರಿಗೇ ಗೊತ್ತು. ಹೋದ ಸಲ ಅವಳು ಪಕ್ಕದೂರಿನ ತಂಗಿಗೆಂದು ಹೊಸ ಅಂಗಿಯ ಕಾಗದದ ನಮೂನೆಯನ್ನು ಬಸ್ಸಿನಲ್ಲಿ ಕಳಿಸಿದ್ದಳು. ದಾರಿಯಲ್ಲಿ ಯಾರೋ ಬಿಚ್ಚಿ ನೋಡಿದ್ದರು. ತಂಗಿ ಹೊಲಿಯುವ ಮೊದಲೇ ಅದೇ ಅಂಗಿ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ನೇತಾಡುತ್ತಿತ್ತು.

ಬರುವ ಸೋಮವಾರ ತಂಗಿ ಸ್ವಂತ ಅಂಗಡಿ ತೆರೆಯುತ್ತಾಳೆ. ಅಕ್ಕ ಮೂರು ತಿಂಗಳು ತಲೆಕೆಡಿಸಿಕೊಂಡು ಮಾಡಿದ ನಮೂನೆ ಗುಟ್ಟಾಗಿ ಅಲ್ಲಿ ಮುಟ್ಟಬೇಕು. ಈ ಸಲ ತಗಡಿನ ಪೆಟ್ಟಿಗೆ, ದಪ್ಪ ಬೀಗ. ಆದರೆ ಅಳತೆ ಚೀಟಿಯನ್ನು ಬಟ್ಟೆಗೇ ಪಿನ್ ಮಾಡುವ ಅಭ್ಯಾಸ ಎಲ್ಲಿ ಹೋಗಬೇಕು? ಬೀಗದ ಕೀಯನ್ನೂ ಪೆಟ್ಟಿಗೆಯ ಹಿಡಿಗೇ ದಾರದಿಂದ ಕಟ್ಟಿಬಿಟ್ಟಳು.

ಪಕ್ಕದ ಅಂಗಡಿಯ ಫೋನ್ ರಿಪೇರಿ ಗೆಳತಿ ಬಿದ್ದು ಬಿದ್ದು ನಕ್ಕಳು. "ಅಲ್ಲ ಕಣೇ, ಕಳ್ಳನಿಗೆ ಹುಡುಕೋ ಶ್ರಮಾನೂ ಉಳಿಸಿದ್ಯಲ್ಲ!"

"ಮತ್ತೆ ತಂಗಿ ಏನು ಹಲ್ಲಿಂದ ತೆಗೀಬೇಕಾ? ಕೀ ನಾಳೆ ಕಳಿಸ್ತೀನಿ ಬಿಡು."

"ಅದೇ ಬಸ್ಸು, ಅದೇ ಕೈಗಳು. ಕೀ ಪ್ರಯಾಣ ಮಾಡೋದೇ ಬೇಡ. ಅವಳೇ ಒಂದು ಬೀಗ ತೆರೆದು ಕಳಿಸಲಿ, ಕೀ ಅವಳ ಹತ್ರಾನೇ ಇರಲಿ. ನೀನು ಅದನ್ನ ಪೆಟ್ಟಿಗೆಗೆ ಹಾಕಿ ಒತ್ತು."

"ತೆರೆದ ಬೀಗಾನ? ಎಲ್ರೂ ನೋಡ್ತಾರಲ್ಲೇ!"

"ನೋಡ್ಲಿ ಬಿಡೆ. ಒತ್ತೋಕೆ ಯಾರಿಗಾದ್ರೂ ಬರುತ್ತೆ, ತೆಗೆಯೋಕೆ ಕೀ ಬೇಕು. ನಿನ್ನ ಫೋನು ಗುಟ್ಟು ಕಾಯೋದೂ ಹೆಚ್ಚುಕಡಿಮೆ ಹೀಗೇನೇ."

ಅಕ್ಕ ತಂಗಿಗೆ ಫೋನ್ ಮಾಡಿ ಹೇಳಿದಳು; ಮರುದಿನ ಬಸ್ಸಿನಲ್ಲಿ ತೆರೆದ ಬೀಗ ಬಂತು. ಅಕ್ಕನಿಗೆ ಇನ್ನೂ ಅರೆನಂಬಿಕೆ. "ದಾರೀಲಿ ಯಾರಾದ್ರೂ ತಮ್ಮ ಬೀಗ ಇಟ್ಟು ಬದಲಾಯಿಸಿದ್ರೆ?"

"ಅಬ್ಬಾ, ಈಗ ದಾರಿಗೆ ಬಂದೆ! ಬೀಗದ ಗುರುತೇನು ಅಂತ ಅವಳಿಗೇ ಫೋನ್ ಮಾಡಿ ಕೇಳು."

"ಬೀಗದ ಅಡೀಲಿ ಸೂಜಿಯಿಂದ ಗೀಚಿದೀನಿ ನೋಡಕ್ಕ," ಎಂದಳು ತಂಗಿ. "ಏಳು, ಎರಡು, ಒಂಬತ್ತು."

ಸರಿಯಾಗಿತ್ತು. ಅಕ್ಕ ಕಟಕ್ಕೆಂದು ಒತ್ತಿ, ಎಳೆದು ನೋಡಿದಳು. "ಅಯ್ಯೋ, ಈಗ ನಂಗೂ ತೆಗೆಯೋಕಾಗಲ್ವಲ್ಲೇ!"

"ಅದೇ ಅದರ ಚಂದ!" ಎಂದು ಗೆಳತಿ ಪೆಟ್ಟಿಗೆಯನ್ನು ಬಸ್ಸಿಗೆ ಹತ್ತಿಸಿದಳು.

ಸೋಮವಾರ ತಂಗಿಯ ಫೋನು. "ಅಕ್ಕಾ, ಬೀಗದ ತುಂಬ ಯಾರೋ ಕೆರೆದ ಗುರುತು. ಆದ್ರೆ ತೆಗೆದಿದ್ದು ನಾನೇ! ಹೊಲಿದು ನೇತುಹಾಕಿದ ಅಂಗಿ ನೋಡೋಕೆ ಇವತ್ತು ಬಾಗಿಲಲ್ಲಿ ಜನವೋ ಜನ."

ಅಕ್ಕ ಫೋನು ಹಿಡಿದೇ ಗೆಳತಿಯ ಅಂಗಡಿಗೆ ಓಡಿದಳು.

ಅಕ್ಕಂದಿರೇ, ಅಣ್ಣಂದಿರೇ, ಫೈಲಿಗೆ ಪಾಸ್‌ವರ್ಡ್ ಹಾಕಿ, ಅದೇ ಮೆಸೇಜಿನ ಕೆಳಗೆ ಪಾಸ್‌ವರ್ಡನ್ನೂ ಬರೆದು ಕಳಿಸಿದ್ದೀರಾ? ಪಾಸ್‌ವರ್ಡನ್ನು ಬೇರೆ ದಾರಿಯಲ್ಲಿ, ಫೋನ್ ಮಾಡಿ ದನಿ ಗುರುತಿಸಿ ಹೇಳಿ. ಬೀಗ ಯಾರದ್ದೆಂದು ಕೇಳಿಯೇ ಒತ್ತಿ. ಇವತ್ತೇ ಫೋನು ತೆಗೆದು ನೋಡಿ: ನಿಮ್ಮ ಯಾವ ಪೆಟ್ಟಿಗೆಯ ಹಿಡಿಯಲ್ಲಿ ಕೀ ನೇತಾಡುತ್ತಿದೆ?