ಹೊರಕ್ಕೆ ತೆರೆಯುವ ಬಾಗಿಲು

ಸಂತೆಕಟ್ಟೆಯ ಟ್ಯೂಷನ್ ಸೆಂಟರಿನ ಒಳಾಂಗಣ ವಿನ್ಯಾಸ ಲವೀನಾಳದು. ಸಹಿ ಮಾತ್ರ ಆರ್ಕಿಟೆಕ್ಟ್ ಸ್ಟ್ಯಾನಿಸ್ಲಾಸರದು. ಅವರಿಗೆ ನೋಂದಣಿ ಸಂಖ್ಯೆ ಇತ್ತು. ಇಂಟೀರಿಯರ್ ಡಿಸೈನರುಗಳಿಗೆ ಅಂಥ ನೋಂದಣಿಯೇ ಇಲ್ಲ. ಆರು ವರ್ಷದಿಂದ ಅವಳು ಫೈಲು ಒಯ್ಯುತ್ತಿದ್ದಳು, ಅವರು ಉಡುಪಿಯ ಆಫೀಸಿನಲ್ಲಿ ಕೂತೇ ಸೀಲು ಒತ್ತುತ್ತಿದ್ದರು. ಒಮ್ಮೆಯೂ ಸೈಟಿಗೆ ಬಂದವರಲ್ಲ.

ಮಹಡಿಯ ಆ ಹಾಲಿನಲ್ಲಿ ಅರವತ್ತು ಮಕ್ಕಳು ಕೂರಬೇಕಿತ್ತು. ಬೆಂಕಿಗಿಂಕಿ ಬಿದ್ದರೆ ಓಡಲು ಬಾಗಿಲು ಹೊರಕ್ಕೆ ತೆರೆಯಬೇಕೆಂದು ಲವೀನಾ ನಕ್ಷೆಯಲ್ಲಿ ತೋರಿಸಿದ್ದಳು. ಬಡಗಿ ಶೇಖರ ಅದನ್ನು ಮನೆಯ ಬಾಗಿಲಿನಂತೆ ಒಳಕ್ಕೆ ತೆರೆಯುವ ಹಾಗೆ ಕೂರಿಸಿದ್ದ. ಹಾಗೆ ಹೇಳಿದ್ದು ಮಾಲೀಕ ಸುಕೇಶನ ತಾಯಿ ಕುಶಲಾ. ಹೊರಕ್ಕೆ ತೆರೆದರೆ ಲಕ್ಷ್ಮಿಯನ್ನು ತಳ್ಳಿದ ಹಾಗಂತೆ.

“ಸುಮ್ಮನೆ ಸಹಿ ಹಾಕಿಸಿ ತನ್ನಿ,” ಎಂದಿದ್ದ ಸುಕೇಶ. “ನಿಮ್ಮದೆಂತ ಹೋಗುವುದು ಮಾರಾಯ್ರೆ? ರದ್ದು ಮಾಡ್ಲಿಕ್ಕೆ ನಿಮ್ಮ ಹತ್ರ ಲೈಸೆನ್ಸೇ ಇಲ್ಲ. ಕಾಪು ಬ್ರಾಂಚಿನ ಕೆಲಸವೂ ನಿಮಗೇ ಕೊಡುವ ಅಂತ ಉಂಟು.”

ಕೆಲಸವೆಲ್ಲ ನಕ್ಷೆಯಂತೆಯೇ ಆಗಿದೆ ಎಂಬ ಪತ್ರವನ್ನು ಲವೀನಾ ಉಡುಪಿಯ ಆಫೀಸಿನಲ್ಲಿ ಸ್ಟ್ಯಾನಿಸ್ಲಾಸರ ಮುಂದಿಟ್ಟಳು. ಅವರು ಓದದೆ ಪೆನ್ನಿನ ಮುಚ್ಚಳ ತೆಗೆದರು.

“ಸರ್, ಬಾಗಿಲು ನಕ್ಷೆಯ ಹಾಗೆ ಇಲ್ಲ. ಒಳಕ್ಕೆ ತೆರೆಯುತ್ತದೆ.”

ಪೆನ್ನು ನಿಂತಿತು. “ಇದನ್ನು ಎಂತಕ್ಕೆ ಹೇಳಿದ್ದು ನೀನು? ಹೇಳದಿದ್ರೆ ಹಾಕಿಬಿಡ್ತಿದ್ದೆ, ಅಲ್ವಾ?”

“ಹೌದು. ಅದಕ್ಕೇ ಹೇಳಿದ್ದು.”

ಅವರು ಮುಚ್ಚಳ ಹಾಕಿದರು. “ಇನ್ನು ನಾನು ಹಾಕುವ ಹಾಗಿಲ್ಲ. ತಿರುಗಿಸಿಕೊಂಡು ಬಾ. ಈ ಸಲ ನಾನೂ ಬಂದು ನೋಡ್ತೇನೆ.”

ಸಹಿ ಬೇಕಿದ್ದರಿಂದ ಸುಕೇಶ ಒಪ್ಪಲೇಬೇಕಾಯಿತು. ಮರುದಿನ ಶೇಖರ ಬಾಗಿಲಿನ ಬಿಜಾಗ್ರಿ ಕಳಚುತ್ತಿದ್ದಾಗ ಕುಶಲಾ ಮೆಟ್ಟಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

“ಲಕ್ಷ್ಮಿ ಇನ್ನು ಹೇಗೆ ಒಳಗೆ ಬರುವುದು?”

“ಅವಳಿಗೆ ಎಳೆದು ತೆಗೀಲಿಕ್ಕೆ ಗೊತ್ತುಂಟು ಅಮ್ಮ,” ಎಂದಳು ಲವೀನಾ. “ಒಳಗಿಂದ ಓಡಿ ಬರುವ ಮಕ್ಕಳಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ.”

ಶೇಖರ ನಗು ಬಂದದ್ದಕ್ಕೆ ಕೆಮ್ಮಿದ. ಪಕ್ಕದಲ್ಲೇ ನಿಂತಿದ್ದ ಸುಕೇಶ ನಗಲಿಲ್ಲ.

ಸ್ಟ್ಯಾನಿಸ್ಲಾಸ್ ಬಂದರು, ಬಾಗಿಲನ್ನು ಎರಡು ಸಲ ತಳ್ಳಿ ನೋಡಿ ಸಹಿ ಹಾಕಿದರು. ಪತ್ರದಲ್ಲಿ ಲವೀನಾಳ ಹೆಸರು ಎಲ್ಲಿಯೂ ಇರಲಿಲ್ಲ. ಕಾಪುವಿನ ಕೆಲಸ ಕಾರ್ಕಳದ ಬೇರೊಬ್ಬ ಡಿಸೈನರನಿಗೆ ಹೋಯಿತು.

ಒಂದು ವಾರದ ಬಳಿಕ ಆ ಕಾರ್ಕಳದವನು ಫೋನ್ ಮಾಡಿದ. “ಸ್ಟ್ಯಾನಿಸ್ಲಾಸ್ ಸರ್ ಸೈಟ್ ನೋಡದೆ ಸಹಿ ಹಾಕುವುದಿಲ್ಲವಂತೆ. ನೀವು ಅವರಿಗೆ ಎಂತ ಮಾಡಿದ್ದು?”